ಸ್ಟುಡಿಯೋ ಕೆಲಸಕ್ಕೆ ಡಾರ್ಕ್‌ಟೇಬಲ್, ಗಿಂಪ್ ಸಾಕಾ? ಹಾಸನದಿಂದ ಒಂದು ಅನುಭವ

ಹಾಸನದಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ, ಜೊತೆಗೆ ಸಕಲೇಶಪುರದ ಕಡೆಯ ಹೋಂಸ್ಟೇಗಳ ಕೆಲಸ. ತಿಂಗಳ ಚಂದಾ ಕಟ್ಟುವ ಸಾಫ್ಟ್‌ವೇರ್ ಬಿಟ್ಟು ಕೆಲವು ವರ್ಷಗಳೇ ಆದವು. ಕಾರಣ ಸರಳ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ, ಚಂದಾ ಮಾತ್ರ ಕಟ್ಟುತ್ತಲೇ ಇರಬೇಕು. ಕ್ರ್ಯಾಕ್, ಅಂದರೆ ಕಳ್ಳ ಪ್ರತಿ ಹಾಕಿಕೊಂಡವರ ಲೆಕ್ಕ ಬೇರೆ, ಆ ಮಾತು ಇಲ್ಲಿ ಬೇಡ.

ಈಗ ರಾ ಫೈಲುಗಳಿಗೆ (ಕ್ಯಾಮೆರಾ ಏನೂ ತಿದ್ದದೆ ಕೊಡುವ ಮೂಲ ಫೈಲು) ಡಾರ್ಕ್‌ಟೇಬಲ್, ಉಳಿದದ್ದಕ್ಕೆ ಗಿಂಪ್. ಎರಡೂ ಪುಕ್ಕಟೆ ಸಿಗುವ, ಫೋಟೋ ತಿದ್ದುವ ಸಾಫ್ಟ್‌ವೇರ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ಡಾರ್ಕ್‌ಟೇಬಲ್ 2009ರಿಂದ ಇದೆ. ಜೂನ್‌ಗೊಂದು, ಡಿಸೆಂಬರ್‌ಗೊಂದು ಹೊಸ ಆವೃತ್ತಿ ಬರುತ್ತದೆ. ಮೂಲ ಫೈಲನ್ನು ಅದು ಮುಟ್ಟುವುದೇ ಇಲ್ಲ. ನಾವು ಮಾಡಿದ ಎಡಿಟ್ ಎಲ್ಲ ಪಕ್ಕದಲ್ಲೇ ಒಂದು ಸಣ್ಣ ಎಕ್ಸ್‌ಎಂಪಿ ಫೈಲಿನಲ್ಲಿ ಕೂರುತ್ತದೆ. ಹಾರ್ಡ್ ಡಿಸ್ಕನ್ನು ಮನೆಯ ಕಂಪ್ಯೂಟರಿಗೆ ಹಾಕಿದರೂ ಎಡಿಟ್ ಜೊತೆಗೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಅಲ್ಲಿಯವರೆಗಿನ ಕೆಲಸ ಬಹುಮಟ್ಟಿಗೆ ಉಳಿದಿರುತ್ತದೆ.

ಇದರ ತಾಕತ್ತು ನೋಡಬೇಕಂದ್ರೆ ಬೇಲೂರಿನ ಒಂದು ಫೋಟೋ ಹಾಕಿ ನೋಡಿ. 1117ರ ಚೆನ್ನಕೇಶವ ಗುಡಿ. ಮದನಿಕೆಯರು ಇರುವುದು ಸೂರಿನ ಕೆಳಗೆ, ಓರೆಯಾಗಿ. ಕೆಳಗಿಂದ ತೆಗೆದರೆ ಹಿಂದೆ ಬಿಳಿ ಆಕಾಶ, ಮುಂದೆ ಕಪ್ಪು ಮುಖ. ಎಕ್ಸ್‌ಪೋಶರ್ ಏರಿಸಿದರೆ ಆಕಾಶ ಸುಟ್ಟುಹೋಗುತ್ತದೆ. ಆಗ ಟೋನ್ ಈಕ್ವಲೈಜರ್ ಅನ್ನೋ ಮಾಡ್ಯೂಲ್ ತೆರೆಯಬೇಕು. ಮಾಡ್ಯೂಲ್ ಅಂದರೆ ಡಾರ್ಕ್‌ಟೇಬಲ್ ಒಳಗಿನ ಒಂದೊಂದು ಉಪಕರಣ. ಮೊದಲು ಮಾಸ್ಕಿಂಗ್ ಟ್ಯಾಬ್‌ನಲ್ಲಿ ಎರಡು ಕಾಂಪೆನ್ಸೇಶನ್ ಸ್ಲೈಡರ್‌ಗಳ ಪಕ್ಕದ ಮಂತ್ರದಂಡದ ಗುರುತು ಒತ್ತಿ. ಆಮೇಲೆ ಮೌಸನ್ನು ಶಿಲ್ಪದ ಮುಖದ ಮೇಲಿಟ್ಟು ಚಕ್ರ ತಿರುಗಿಸಿ. ಅಷ್ಟು ಕತ್ತಲಿರುವ ಭಾಗ ಬೆಳಗುತ್ತದೆ, ಆಕಾಶ ಇದ್ದ ಹಾಗೇ ಇರುತ್ತದೆ. ಕಿವಿಯ ಓಲೆ, ಬೆರಳಿನ ಉಂಗುರ ಒಂದೊಂದಾಗಿ ಕಾಣತೊಡಗುತ್ತವೆ. ಒಂದು, ಒಂದೂವರೆ ಸ್ಟಾಪ್ ಸಾಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಅದಕ್ಕಿಂತ ಎಳೆದರೆ ಬಳಪದ ಕಲ್ಲಿಗೆ ಬೂದಿ ಬಳಿದ ಹಾಗಾಗುತ್ತದೆ.

ಮದುವೆ ಮನೆಯದು ಇನ್ನೊಂದು ಕಥೆ. ಈಗಿನ ಛತ್ರಗಳಲ್ಲಿ ವೇದಿಕೆಗೆ ನೇರಳೆ ಎಲ್‌ಇಡಿ, ಊಟದ ಹಾಲ್‌ಗೆ ಬಿಳಿ ಟ್ಯೂಬ್, ವಧುವಿನ ಮುಖದಲ್ಲಿ ಅರಿಶಿನ. ಎಲ್ಲದಕ್ಕೂ ಒಂದೇ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವುದು) ಹೇಗೆ ಸಾಕಾಗುತ್ತದೆ? ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲನ್ನು ಎರಡು ಸಲ ಹಾಕಿಕೊಂಡು, ಒಂದಕ್ಕೆ ವೇದಿಕೆಯಷ್ಟೇ ಮಾಸ್ಕ್, ಇನ್ನೊಂದಕ್ಕೆ ಉಳಿದದ್ದು ಅಂತ ಮಾಡಿದರೆ ಕೆಲಸ ಆಗುತ್ತದೆ. ಒಮ್ಮೆ ಮಾಡಿದ ಸ್ಟೈಲನ್ನು, ಅಂದರೆ ಉಳಿಸಿಟ್ಟ ಸೆಟ್ಟಿಂಗನ್ನು, ಅದೇ ಬೆಳಕಿನ ನೂರಾರು ಫೋಟೋಗಳಿಗೆ ಅಂಟಿಸಬಹುದು.

ಕಷ್ಟಗಳೂ ಇವೆ. ಮಾಡ್ಯೂಲುಗಳು ಜಾಸ್ತಿ, ಒಂದೇ ಕೆಲಸಕ್ಕೆ ಮೂರು ದಾರಿ. ಬೆಳಕು ನೆರಳನ್ನು ಪರದೆಗೆ ಹೊಂದಿಸಲು ಹೊಸಬರು ಫಿಲ್ಮಿಕ್ ಬಿಟ್ಟು ಸಿಗ್ಮಾಯ್ಡ್‌ನಿಂದ ಶುರುಮಾಡಲಿ, ಸ್ಲೈಡರ್ ಕಮ್ಮಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಕಂಪ್ಯೂಟರಿನಲ್ಲಿ ಡಿನಾಯ್ಸ್ (ಫೋಟೋದ ಕಾಳುಕಾಳು ತೆಗೆಯುವುದು) ಹಾಕಿ ಎಕ್ಸ್‌ಪೋರ್ಟ್‌ಗೆ ಬಿಟ್ಟರೆ ಕಾಫಿ ಕುಡಿದು ಬರಬಹುದು. ಹೊಸ ಕ್ಯಾಮೆರಾ ಕೊಳ್ಳುವ ಮುಂಚೆ ಅದರ ರಾ ಫೈಲ್ ಇಲ್ಲಿ ತೆರೆಯುತ್ತದಾ ಅಂತ ಪಟ್ಟಿ ನೋಡಿಕೊಳ್ಳಿ. ಕ್ಯಾನನ್‌ನ ಸಿಆರ್3 ಫೈಲುಗಳಿಗೆ 2021ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಇನ್ನು ಗಿಂಪ್. ಇದನ್ನು 1995ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಕನ್ನಡ. ಸ್ಟುಡಿಯೋಗಳಲ್ಲಿ ಈಗಲೂ ಎಷ್ಟೋ ಜನ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ, ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ ಅನ್ನೋ ಭಯ. ಗಿಂಪ್‌ನಲ್ಲಿ ವಾಟ್ಸಾಪ್‌ನಿಂದ ಬಂದ ಆಮಂತ್ರಣದ ಸಾಲನ್ನು ಹಾಗೇ ಅಂಟಿಸಿ, ನೋಟೋ ಅಥವಾ ಬಲೂ ತಮ್ಮ ಫಾಂಟ್ ಕೊಡಿ. ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’ ಒಂದು ಒತ್ತೂ ಜಾರದೆ ಕೂರುತ್ತದೆ. ಹಳೇ ನುಡಿ ಫೈಲಿನ ಅಕ್ಷರ ಅಂಟಿಸಿದರೆ ಮಾತ್ರ ಇಂಗ್ಲಿಷ್ ಚಿತ್ತುಗಳು ಬರುತ್ತವೆ, ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

2025ರ ಮಾರ್ಚ್‌ನಲ್ಲಿ 3.0 ಬಂದ ಮೇಲೆ ಕರ್ವ್ಸ್, ಬ್ಲರ್ ಮುಂತಾದವನ್ನು ಲೇಯರ್ ಮೇಲೆ ಹಾಕಿ, ಆಮೇಲೆ ಬೇಕಾದಾಗ ತಿದ್ದಬಹುದು. ಈ ಒಂದು ಸೌಲಭ್ಯಕ್ಕೆ ಎಷ್ಟು ವರ್ಷ ಕಾಯಿಸಿದರು! ಸೇವ್ ಒತ್ತಿದರೆ ಎಕ್ಸ್‌ಸಿಎಫ್ ಆಗುತ್ತದೆ, ಜೆಪೆಗ್ ಬೇಕಂದ್ರೆ ಎಕ್ಸ್‌ಪೋರ್ಟ್ ಮಾಡಬೇಕು. ಹೊಸ ಹುಡುಗರು ಇಲ್ಲೇ ಎಡವುವುದು. ಇದು ತಾನಾಗಿ ಸೇವ್ ಮಾಡಿಕೊಳ್ಳುವುದಿಲ್ಲ, ಯುಪಿಎಸ್ ಇಲ್ಲದಿದ್ದರೆ ಆಗಾಗ ಕಂಟ್ರೋಲ್ ಎಸ್ ಒತ್ತುತ್ತಾ ಇರಿ.

ಒಬ್ಬನೇ ಕೂತು ಮಾಡುವ ಕೆಲಸದಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಫೈಲು ಇನ್ನೊಬ್ಬರ ಕೈಗೆ ಹೋಗುವಾಗ ತಕರಾರು ಶುರುವಾಗುತ್ತದೆ. ಆಲ್ಬಮ್ ಟೆಂಪ್ಲೇಟ್‌ಗಳೆಲ್ಲ ಫೋಟೋಶಾಪ್‌ನ ಪಿಎಸ್‌ಡಿ ಫೈಲಿನಲ್ಲಿ ಬರುತ್ತವೆ. ಗಿಂಪ್ ತೆರೆಯುತ್ತದೆ, ನಿಜ. ಆದರೆ ಸ್ಮಾರ್ಟ್ ಆಬ್ಜೆಕ್ಟ್ (ಒಳಗೆ ಹೋಗಿ ಫೋಟೋ ಬದಲಿಸಬಹುದಾದ ಲೇಯರ್) ಇರುವ ಪುಟ ಬಂದರೆ ಫೋಟೋ ಕೂರಿಸುವ ಜಾಗ ಸುಮ್ನೆ ಒಂದು ಚಿತ್ರವಾಗಿಬಿಡುತ್ತದೆ. ನಮ್ಮ ಹುಡುಗ ಮೊದಲ ಸಲ ನೋಡಿ ಕೇಳಿದ್ದು: ‘ಅಣ್ಣಾ, ಇದರೊಳಗೆ ಹೋಗೋದು ಎಲ್ಲಿಂದ?’ ಎಲ್ಲಿಂದಲೂ ಇಲ್ಲ ಕಣೋ ಅಂದೆ.

ಫ್ಲೆಕ್ಸ್ ಅಂಗಡಿಯಲ್ಲೂ ಇದೇ ಗೋಳು. ಅವರು ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಯ ಲೆಕ್ಕದ ಟಿಫ್ ಫೈಲು ಕೇಳುತ್ತಾರೆ. ಗಿಂಪ್ ಒಳಗೆ ಕೆಲಸ ಆರ್‌ಜಿಬಿಯಲ್ಲೇ (ಪರದೆಯ ಕೆಂಪು, ಹಸಿರು, ನೀಲಿ), ಹೊರಗೆ ಕಳಿಸುವಾಗ ಪ್ರೊಫೈಲ್ ಕೊಟ್ಟು ಸಿಎಂವೈಕೆಗೆ ಬದಲಿಸಬಹುದು. ಸಾಫ್ಟ್ ಪ್ರೂಫ್ (ಮುದ್ರಣದ ಬಣ್ಣವನ್ನು ಪರದೆಯಲ್ಲೇ ಅಂದಾಜಿಗೆ ತೋರಿಸುವುದು) ಆನ್ ಮಾಡಿ ನೋಡದೆ ಕಳಿಸಿದರೆ ಕೇಸರಿ ಬಣ್ಣ ಮಂಕಾಗಿ ಬರುತ್ತದೆ, ಗ್ರಾಹಕರ ಬೈಗುಳ ನಮಗೆ. ಫೋಟೋ ಲ್ಯಾಬ್‌ಗೆ ಮಾತ್ರ ಈ ತಲೆನೋವಿಲ್ಲ, ನಮ್ಮ ಲ್ಯಾಬಿನವರಿಗೆ ಎಸ್‌ಆರ್‌ಜಿಬಿ ಜೆಪೆಗ್ ಕೊಟ್ಟರೆ ಆಯ್ತು.

ಹೋಂಸ್ಟೇ ಫೋಟೋದಲ್ಲಿ ಕರೆಂಟ್ ತಂತಿ ಅಳಿಸುವಂಥ ಕೆಲಸಕ್ಕೆ ದುಡ್ಡಿನ ಸಾಫ್ಟ್‌ವೇರ್ ಈಗ ತುಂಬ ಮುಂದಿದೆ, ಒಪ್ಪಲೇಬೇಕು. ಹೀಲ್ ಟೂಲ್‌ನಲ್ಲಿ ನಾನು ಹತ್ತು ನಿಮಿಷ ಉಜ್ಜುವುದನ್ನು ಅದು ಒಂದು ಕ್ಲಿಕ್‌ಗೆ ಮುಗಿಸುತ್ತದೆ.

ಹೊಸದಾಗಿ ಹಾಕಿಕೊಳ್ಳುವವರು ಗಿಂಪ್ ಡಾಟ್ ಆರ್ಗ್, ಡಾರ್ಕ್‌ಟೇಬಲ್ ಡಾಟ್ ಆರ್ಗ್ ಇವೆರಡರಿಂದಲೇ ಇಳಿಸಿಕೊಳ್ಳಿ. ಎರಡಕ್ಕೂ ಯಾರೂ ದುಡ್ಡು ಕೇಳುವುದಿಲ್ಲ, ಕೇಳಿದರೆ ಆ ಪುಟ ಮುಚ್ಚಿ. ತಿಂಗಳಿಗೆ ಐದಾರು ಆಲ್ಬಮ್ ಸ್ವಂತವಾಗಿ ಡಿಸೈನ್ ಮಾಡುವ ಸ್ಟುಡಿಯೋದವರಿಗೆ ದುಡ್ಡಿನ ಸಾಫ್ಟ್‌ವೇರ್ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ನಾನು ಆ ಕೆಲಸವನ್ನು ಪುಟದ ಲೆಕ್ಕದಲ್ಲಿ ಹೊರಗೆ ಕೊಡುತ್ತೇನೆ, ಆ ಖರ್ಚನ್ನು ಮೊದಲೇ ಪ್ಯಾಕೇಜ್‌ನಲ್ಲಿ ಸೇರಿಸಿ ಹೇಳುತ್ತೇನೆ.