ಮೆಕ್ಕೆಜೋಳದ ಬೆಂಡು ಉರಿಸುವ ಫ್ಯಾನ್ ಒಲೆ: ಒಂದು ಚಳಿಗಾಲ ಬಳಸಿದ ಮೇಲೆ

ಹೋದ ಕಾರ್ತಿಕದಲ್ಲಿ ಮಗಳು ಬಾಣಂತನಕ್ಕೆಂದು ಜಗಳೂರು ತಾಲ್ಲೂಕಿನ ನಮ್ಮ ಊರಿಗೆ ಬಂದಳು. ಬಾಣಂತಿ ಇರುವ ಮನೆಯಲ್ಲಿ ಬಚ್ಚಲ ಒಲೆ ಆರುವಂತಿಲ್ಲ. ಬೆಳಿಗ್ಗೆ ಅವಳಿಗೆ ಮತ್ತು ಕೂಸಿಗೆ ಎರೆಯಲು ಒಂದು ಹಂಡೆ, ಸಂಜೆ ಬಟ್ಟೆಬರೆಗೆಂದು ಇನ್ನೊಂದು ಹಂಡೆ ಬಿಸಿನೀರು ಬೇಕೇ ಬೇಕು. ಬಳ್ಳಾರಿ ಜಾಲಿ ಕಟ್ಟಿಗೆಯ ಹೊಗೆ ಬಚ್ಚಲಿನಿಂದ ನಡುಮನೆಗೆ ನುಗ್ಗಿ ಕೂಸು ಕೆಮ್ಮತೊಡಗಿದಾಗ, ದಾವಣಗೆರೆಯ ಅಂಗಡಿಯೊಂದರಲ್ಲಿ 4,200 ರೂಪಾಯಿ ಕೊಟ್ಟು ದೊಡ್ಡ ಅಳತೆಯ ಫ್ಯಾನ್ ಒಲೆಯೊಂದನ್ನು ತಂದೆವು. ನಾಲ್ಕು ತಿಂಗಳು ದಿನವೂ ಬಳಸಿದ ಮೇಲೆ, ಆ ಒಲೆಯ ಬಗ್ಗೆಯೂ ಅದರಲ್ಲಿ ಉರಿಸಿ ನೋಡಿದ ಉರುವಲುಗಳ ಬಗ್ಗೆಯೂ ಇದನ್ನು ಬರೆಯುತ್ತಿದ್ದೇನೆ.

ಒಲೆ ನೋಡಲು ಎರಡು ಗೋಡೆಯ ಸ್ಟೀಲಿನ ಡಬ್ಬಿಯಂತಿದೆ. ತಳದಲ್ಲಿ ಅಂಗೈ ಅಗಲದ ಫ್ಯಾನು, ಅದಕ್ಕೊಂದು ಚಾರ್ಜ್ ಮಾಡುವ ಬ್ಯಾಟರಿ. ಫ್ಯಾನಿನ ಗಾಳಿಯಲ್ಲಿ ಸ್ವಲ್ಪ ಭಾಗ ತಳದಿಂದ ಉರುವಲಿನ ನಡುವೆ ಏರುತ್ತದೆ. ಉಳಿದದ್ದು ಎರಡು ಗೋಡೆಗಳ ಸಂದಿಯಲ್ಲಿ ಕಾದು, ಬಾಯಿಯ ಹತ್ತಿರವಿರುವ ಸಾಲು ತೂತುಗಳಿಂದ ಹೊರಬರುತ್ತದೆ. ಉರುವಲನ್ನು ಆ ತೂತುಗಳಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿ ಮೇಲ್ಭಾಗಕ್ಕೆ ಬೆಂಕಿ ಹಚ್ಚಬೇಕು. ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತದೆ, ಉರುವಲಿನಿಂದ ಹೊರಡುವ ಹೊಗೆ ಮೇಲಿನ ಬಿಸಿಗಾಳಿಗೆ ಸಿಕ್ಕಿ ತಾನೇ ಉರಿದುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ರೂಪುಗೊಂಡು 2006ರಲ್ಲಿ ಮಾರಾಟಕ್ಕೆ ಬಂದ ‘ಊರ್ಜಾ’ ಒಲೆಯದ್ದೂ ಇದೇ ತತ್ತ್ವ. ಫ್ಯಾನ್ ಇರುವ ಇಂಥ ಒಲೆ ಉರುವಲಿನ ಶಾಖದಲ್ಲಿ ಕನಿಷ್ಠ ಶೇ. 35ರಷ್ಟನ್ನು ಪಾತ್ರೆಗೆ ಮುಟ್ಟಿಸಬೇಕೆಂದು ಭಾರತೀಯ ಮಾನಕ ಐಎಸ್ 13152 ಹೇಳುತ್ತದೆ.

ನಮ್ಮ ತೂಕದ ಲೆಕ್ಕ ಅದಕ್ಕೆ ಹೆಚ್ಚುಕಡಿಮೆ ಹೊಂದಿತು. ಒಂದು ಹಂಡೆ, ಅಂದರೆ 30 ಲೀಟರ್ ನೀರನ್ನು ಕೈ ಇಡಲಾಗದಷ್ಟು ಕಾಯಿಸಲು ಹಳೆಯ ಬಚ್ಚಲ ಒಲೆಗೆ ನಾಲ್ಕು ಕೆಜಿಗೂ ಹೆಚ್ಚು ಜಾಲಿ ಕಟ್ಟಿಗೆ ಬೇಕಾಗುತ್ತಿತ್ತು. ಇದರಲ್ಲಿ ಒಂದೂಕಾಲು ಕೆಜಿ ಮೆಕ್ಕೆಜೋಳದ ಬೆಂಡು ನಲವತ್ತು ನಿಮಿಷದಲ್ಲಿ ಆ ಕೆಲಸ ಮುಗಿಸಿತು. ಹಚ್ಚಿದ ಮೊದಲ ಮೂರ್ನಾಲ್ಕು ನಿಮಿಷ ಬಿಟ್ಟರೆ ಹೊಗೆ ಕಾಣುವುದೇ ಇಲ್ಲ. ನಲವತ್ತು ವರ್ಷ ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದ ನನಗೆ ಆ ನಿಚ್ಚಳ ಉರಿಯನ್ನು ಕಂಡು ಆದ ಸಮಾಧಾನ ಅಷ್ಟಿಷ್ಟಲ್ಲ.

ಈ ಮೆಚ್ಚುಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೆಂಡಿಗೇ ಸಲ್ಲಬೇಕು. ಕಾಳು ಬಿಡಿಸಿದ ಮೇಲೆ ಪ್ರತಿ ಕ್ವಿಂಟಲ್ ಕಾಳಿಗೆ ಸುಮಾರು 18 ಕೆಜಿ ಬೆಂಡು ಉಳಿಯುತ್ತದೆ. ನಮ್ಮ ಮೂರು ಎಕರೆಯಲ್ಲಿ ಹೋದ ಮುಂಗಾರಿಗೆ 60 ಕ್ವಿಂಟಲ್ ಬಂದಿತ್ತು. ಅಂದರೆ ಸಾವಿರ ಕೆಜಿಗೂ ಮಿಕ್ಕಿ ಬೆಂಡು. ದಿನಕ್ಕೆ ಎರಡು ಹಂಡೆಯ ಲೆಕ್ಕದಲ್ಲಿ ಅದು ವರ್ಷ ಪೂರ್ತಿ ಸಾಕು. ಒಣದಂಟಿನ ಸಪ್ಪೆಯಾದರೂ ದನಕ್ಕೆ ಹೋಗುತ್ತದೆ, ಈ ಬೆಂಡಿನ ರಾಶಿಗೆ ಮಾತ್ರ ಇಷ್ಟು ವರ್ಷ ಕಣದಲ್ಲೇ ಬೆಂಕಿ ಇಡುತ್ತಿದ್ದೆವು. ಆದರೆ ಬೆಂಡು ಒಣಗಿರಬೇಕು. ಇದೊಂದು ತಪ್ಪಿದರೆ ಒಲೆಯನ್ನು ದೂರಿ ಫಲವಿಲ್ಲ. ಯಂತ್ರದಿಂದ ಬಿದ್ದ ದಿನವೇ ತಂದು ಹಾಕಿದ ಬೆಂಡು ಬಾಯಿತುಂಬ ಬಿಳಿ ಹೊಗೆ ಕಾರಿತು. ಎಂಟು ಹತ್ತು ದಿನ ಬಿಸಿಲಿಗೆ ಹರವಿದ ಮೇಲೆ, ಮುರಿದರೆ ಬಾಗದೆ ‘ಟಕ್’ ಎನ್ನಬೇಕು. ಇಡೀ ಬೆಂಡನ್ನು ತುರುಕಿದರೆ ನಡುವೆ ಗಾಳಿಯ ಪೊಳ್ಳು ಉಳಿದು ಉರಿ ಒಂದೇ ಕಡೆ ಕೊರೆದುಕೊಂಡು ಇಳಿಯುತ್ತದೆ, ಆದ್ದರಿಂದ ಎರಡು ಬೆರಳುದ್ದದ ತುಂಡು ಮಾಡಿಕೊಳ್ಳಬೇಕು. ಈ ಮುರಿಯುವ ಕೆಲಸ ದಿನಕ್ಕೆ ಕಾಲು ಗಂಟೆ ತಿನ್ನುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರುವುದು ಒಳ್ಳೆಯದು. ದೀಪಾವಳಿಯ ಹೊತ್ತಿಗೆ ಬರುವ ಅಕಾಲ ಮಳೆಯಿಂದ ಕಾಪಾಡಲು ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದೆವು. ಹೊರಗೆ ತಾಡಪಾಲು ಮುಚ್ಚಿಟ್ಟದ್ದಕ್ಕೆ ಗೆದ್ದಲು ಹತ್ತಿತ್ತು.

ಬೇರೆ ಉರುವಲುಗಳನ್ನೂ ಪರೀಕ್ಷಿಸಿದೆವು. ಚಳ್ಳಕೆರೆಯ ಕಡೆಯಿಂದ ತರಿಸಿದ ಶೇಂಗಾ ಸಿಪ್ಪೆಯನ್ನು ಬಿಡಿಯಾಗಿ ಹಾಕಿದರೆ ಭಗ್ಗನೆ ಹೊತ್ತಿ ಹತ್ತು ನಿಮಿಷದಲ್ಲಿ ಬರಿದಾಗುತ್ತದೆ. ಅದನ್ನೇ ಒತ್ತಿ ಮಾಡಿದ ಬ್ರಿಕೆಟ್ ಬಹಳ ಹೊತ್ತು ಉರಿಯುತ್ತದೆ, ಆದರೆ ಕಾರ್ಖಾನೆಯ ಬಾಯ್ಲರಿಗೆಂದು ತೋಳು ದಪ್ಪಕ್ಕೆ ಮಾಡಿದ ಅದನ್ನು ಕೊಡಲಿಯಿಂದ ಒಡೆಯಬೇಕಾಯಿತು. ಚನ್ನಗಿರಿಯ ಬೀಗರ ಮನೆಯಿಂದ ಬಂದ ಅಡಿಕೆ ಸಿಪ್ಪೆ ಒಳಗೇ ತೇವ ಹಿಡಿದುಕೊಂಡಿದ್ದು ನಿರಾಸೆ ಮಾಡಿತು. ತೆಂಗಿನ ಚಿಪ್ಪಿನ ಉರಿ ಎಲ್ಲಕ್ಕಿಂತ ಜೋರು, ಬೂದಿ ಅತಿ ಕಡಿಮೆ. ಬೆಂಡಿನ ಮೇಲೆ ನಾಲ್ಕು ಚೂರು ಇಟ್ಟರೆ ಹಚ್ಚುವುದು ಸುಲಭ. ಭತ್ತದ ಹೊಟ್ಟನ್ನು ಈ ಒಲೆಗೆ ಹಾಕಲೇಬಾರದು. ಅದು ಒತ್ತೊತ್ತಾಗಿ ಕೂತು ಗಾಳಿ ಬಿಡುವುದಿಲ್ಲ, ತೂಕದ ಐದನೇ ಒಂದು ಪಾಲು ಬೂದಿಯಾಗಿ ತಳದ ತೂತುಗಳನ್ನು ಕಟ್ಟಿಬಿಡುತ್ತದೆ.

ಅಂಗಡಿಯವರು, ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಮೆಕ್ಕೆಜೋಳದ ಕಾಳನ್ನೇ ಉರಿಸುತ್ತಾರೆ, ಇದರಲ್ಲೂ ಹಾಕಬಹುದು ಎಂದಿದ್ದರು. ಅಲ್ಲಿ ಹಾಗೆ ಮಾಡುವುದು ನಿಜ. 2005ರ ಸುಮಾರಿಗೆ 25 ಕೆಜಿ ತೂಗುವ ಒಂದು ಬುಷೆಲ್ ಕಾಳು ಎರಡು ಡಾಲರಿನ ಆಸುಪಾಸಿನಲ್ಲಿದ್ದು, ಮನೆ ಕಾಯಿಸುವ ಎಣ್ಣೆಯ ಬೆಲೆ ಏರಿದಾಗ, ಅಲ್ಲಿನ ರೈತರಿಗೆ ಅದು ಲಾಭದ ದಾರಿಯಾಗಿತ್ತು. ಹುಳು ಹಿಡಿದ ಎರಡು ಸೇರು ಕಾಳನ್ನು ನಾನೂ ಸುರಿದು ನೋಡಿದೆ. ಕಾಳಿನ ಬೂದಿಯಲ್ಲಿ ಪೊಟ್ಯಾಷ್ ಮತ್ತು ರಂಜಕ ಹೆಚ್ಚಿರುವುದರಿಂದ ಅದು ಬೇಗ ಕರಗಿ, ತಳದಲ್ಲಿ ಗಾಜಿನಂಥ ಗಟ್ಟಿಯಾಗಿ ಅಂಟಿಕೊಂಡಿತು. ಅಲ್ಲಿನ ಒಲೆಗಳಲ್ಲಿ ಇದನ್ನು ಕೆದಕಿ ಒಡೆಯಲು ತಿರುಗುವ ಕಡ್ಡಿ ಇರುತ್ತದೆ, ಇದರಲ್ಲಿ ಇಲ್ಲ. ಹಣದ ಲೆಕ್ಕವೂ ಕೂಡಿಬರುವುದಿಲ್ಲ. ಒಂದು ಸಿಲಿಂಡರ್ ಗ್ಯಾಸಿನಷ್ಟು ಶಾಖಕ್ಕೆ ಸುಮಾರು 40 ಕೆಜಿ ಕಾಳು ಬೇಕು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿಯಂತೆ ಅದು 960 ರೂಪಾಯಿಯ ಮಾಲು. “ಉಣ್ಣೋ ಕಾಳನ್ನ ಒಲಿಗೆ ಹಾಕಬ್ಯಾಡವ್ವ” ಎಂದು ನಮ್ಮ ಅತ್ತೆಯವರು ನೊಂದು ನುಡಿದದ್ದೂ ನನಗೆ ಸರಿಯೆನಿಸಿತು.

ಉರಿ ಮುಗಿದ ಮೇಲೆ ತಳದಲ್ಲಿ ಒಳ್ಳೆಯ ಕೆಂಡ ಉಳಿಯುತ್ತದೆ. ಇದರ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ಒಲೆಯ ಎಲ್ಲ ಕೊರತೆಗಳಲ್ಲಿ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಮಾರ್ಗಶಿರದ ಒಂದು ರಾತ್ರಿ ಅತ್ತೆಯವರು ಹಳೆಯ ರೂಢಿಯಂತೆ ಆ ಕೆಂಡವನ್ನು ಅಗ್ಗಿಷ್ಟಿಕೆಗೆ ಹಾಕಿ ಬಾಣಂತಿಯ ಕೋಣೆಯಲ್ಲಿಟ್ಟು, ಗಾಳಿ ತಾಗಬಾರದೆಂದು ಕಿಟಕಿ ಬಾಗಿಲು ಮುಚ್ಚಿದ್ದರು. ಅರ್ಧ ಗಂಟೆಯಲ್ಲಿ ಮಗಳು ತಲೆ ಸಿಡಿಯುತ್ತಿದೆ ಎಂದಳು. ತಕ್ಷಣ ಬಾಗಿಲು ತೆರೆದು ತಾಯಿ ಮಗು ಇಬ್ಬರನ್ನೂ ಪಡಸಾಲೆಗೆ ಕರೆತಂದೆವು. ಕೆಂಡ ಕಾರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯಬಲ್ಲದು. ಅಂದಿನಿಂದ ಆ ಕೋಣೆಗೆ ರಬ್ಬರಿನ ಬಿಸಿನೀರು ಚೀಲ ಮಾತ್ರ ಹೋಗುತ್ತಿದೆ. ಈ ಒಲೆಗೆ ಹೊಗೆಕೊಳವೆ ಇಲ್ಲದ ಕಾರಣ ಒಲೆಯನ್ನೂ ಗಾಳಿಯಾಡುವ ಹಿತ್ತಲ ಕಡೆಗೇ ಇಟ್ಟುಕೊಂಡಿದ್ದೇವೆ.

ಉಳಿದಂತೆ, ಎರಡನೇ ತಿಂಗಳಿಗೆ ಚಾರ್ಜರ್ ಚುಚ್ಚುವ ಜಾಗ ಸಡಿಲವಾಯಿತು. ಅಂಗಡಿಯವರು ಕಂಪನಿಗೆ ಕಳಿಸಬೇಕು, ಮೂರು ವಾರ ಹಿಡಿಯುತ್ತದೆ ಎಂದರು. ಬಾಣಂತಿಯ ನೀರು ಮೂರು ವಾರ ಕಾಯುವಂತಿರಲಿಲ್ಲವಾದ್ದರಿಂದ ಜಗಳೂರಿನ ಮೊಬೈಲ್ ರಿಪೇರಿ ಹುಡುಗನೊಬ್ಬ 150 ರೂಪಾಯಿಗೆ ಬೆಸುಗೆ ಹಾಕಿಕೊಟ್ಟ. ಫ್ಯಾನ್ ನಿಂತರೆ ಇದು ಮಾಮೂಲಿ ಒಲೆಗಿಂತಲೂ ಹೆಚ್ಚು ಹೊಗೆಯಾಡುತ್ತದೆ. ಉರಿಯ ನಡುವೆ ಮತ್ತೆ ಉರುವಲು ತುಂಬಿದರೂ ಹಾಗೆಯೇ. ಅದಕ್ಕೆ ಒಂದು ತುಂಬಿಗೆ ಒಂದು ಹಂಡೆ ಎಂದು ಅಳೆದು ಬಳಸುತ್ತೇವೆ.

ಸ್ವಂತ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವವರಿಗೆ, ಒಣಗಿಸಿಡಲು ಅಟ್ಟವೋ ಕೊಟ್ಟಿಗೆಯೋ ಇರುವವರಿಗೆ ಈ ಒಲೆಯನ್ನು ಧೈರ್ಯವಾಗಿ ಹೇಳುತ್ತೇನೆ. ಉರುವಲನ್ನು ಕೊಂಡು ತರುವವರಿಗೆ ಹೇಳಲಾರೆ. 60 ಲೀಟರಿನ ದೊಡ್ಡ ತಾಮ್ರದ ಹಂಡೆಯ ಭಾರವನ್ನು ಇದು ಹೊರುವುದಿಲ್ಲ. ಅದಕ್ಕೆಂದು ಬಚ್ಚಲಿನಲ್ಲಿ ಹೊಗೆಕೊಳವೆಯಿರುವ ಒಲೆಯನ್ನೇ ಕಟ್ಟಿಸಲು ಗೌಂಡಿಗೆ ಹೇಳಿದ್ದೇವೆ. ಅದು ಮುಗಿದ ಮೇಲೆ ಈ ಫ್ಯಾನ್ ಒಲೆ ಹಿತ್ತಲಲ್ಲಿ ಮುದ್ದೆ ಬೇಯಿಸಲಿಕ್ಕೆ ಉಳಿಯುತ್ತದೆ.