ಮುಟ್ಟು ನಿಂತವರ ಕ್ಲಿನಿಕ್ಕಿನಲ್ಲಿ ಏಳು ತಿಂಗಳು

ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶನಿವಾರ ಮಧ್ಯಾಹ್ನ ನಡೆಯುವ ಋತುಬಂಧ ಕ್ಲಿನಿಕ್ಕಿಗೆ ಕಳೆದ ಏಳು ತಿಂಗಳಲ್ಲಿ ನಾಲ್ಕು ಸಲ ಹೋಗಿಬಂದಿದ್ದೇನೆ. ಹೊಗಳುವುದಕ್ಕೂ ದೂರುವುದಕ್ಕೂ ಸಾಕಷ್ಟಿರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಕಡೆ ಹಣ ಕೊಟ್ಟು ಪಡೆಯಬೇಕಾದದ್ದು ಯಾವುದು, ಬೇಡವೆನ್ನಬೇಕಾದದ್ದು ಯಾವುದು ಎಂಬುದು ನನಗೆ ತಡವಾಗಿ ತಿಳಿಯಿತು. ಹೋಗಬೇಕೆಂದಿರುವವರಿಗೆ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ 49 ವರ್ಷ. ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಮೊದಲ ಸಲ ಹೋದಾಗ ನನಗೆ ಹದಿನಾಲ್ಕು ತಿಂಗಳಾಗಿತ್ತು. ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಎದೆಯಿಂದ ಕತ್ತಿಗೆ ಝಳ ಏರಿ ರವಿಕೆ ಒದ್ದೆಯಾಗುತ್ತಿತ್ತು. ರಾತ್ರಿ ಮೂರು ನಾಲ್ಕು ಸಲ ಎಚ್ಚರವಾಗಿ, ಬೆಳಿಗ್ಗೆ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ಇದೆಲ್ಲ ಉಷ್ಣವೆಂದು ತೀರ್ಮಾನಿಸಿದ ಅತ್ತೆಯವರು ಮೆಂತ್ಯ ನೆನೆಸಿದ ನೀರು, ಕೊತ್ತಂಬರಿ ಬೀಜದ ಕಷಾಯ, ನೆತ್ತಿಗೆ ಹರಳೆಣ್ಣೆ ಎಲ್ಲವನ್ನೂ ಮಾಡಿದರು. ಅವುಗಳಿಂದ ಕೆಟ್ಟದ್ದೇನೂ ಆಗಲಿಲ್ಲ, ನಿದ್ದೆಯೂ ಬರಲಿಲ್ಲ.

ಕ್ಲಿನಿಕ್ಕಿನ ಮೇಲೆ ನನ್ನ ಮೊದಲ ಆಕ್ಷೇಪ ಅದರ ಬಾಗಿಲಲ್ಲೇ ಇದೆ. ವೈದ್ಯರನ್ನು ಕಾಣುವ ಮೊದಲೇ ಕೌಂಟರಿನಲ್ಲಿದ್ದ ಹುಡುಗಿ ‘ಪ್ಯಾಕೇಜ್’ ಎಂಬ ಹೆಸರಿನಲ್ಲಿ ಅಂಡಾಶಯದ ಸ್ಥಿತಿ ತಿಳಿಸುವ ಎಫ್‌ಎಸ್‌ಎಚ್, ಎಎಂಎಚ್, ಅಂಡಾಶಯದ ಕ್ಯಾನ್ಸರಿನ ಸುಳಿವಿಗೆ ನೋಡುವ ಸಿಎ-125 ಮುಂತಾದ ರಕ್ತಪರೀಕ್ಷೆಗಳಿಗೆ ಬಿಲ್ ಹಾಕಿಬಿಟ್ಟಿದ್ದಳು. ಒಳಗೆ ಡಾಕ್ಟರಮ್ಮ ಅದನ್ನು ನೋಡಿ, ‘ನಲವತ್ತೈದು ದಾಟಿದವರಲ್ಲಿ ಲಕ್ಷಣಗಳೇ ಸಾಕು, ಋತುಬಂಧವನ್ನು ಗುರುತಿಸಲು ಎಫ್‌ಎಸ್‌ಎಚ್ ಬೇಕಿಲ್ಲ’ ಎಂದು ಅರ್ಧಕ್ಕೂ ಹೆಚ್ಚು ಪರೀಕ್ಷೆಗಳ ಮೇಲೆ ಗೆರೆ ಎಳೆದರು. ಉಳಿಸಿಕೊಂಡದ್ದು ರಕ್ತದೊತ್ತಡ, ಕೊಲೆಸ್ಟ್ರಾಲ್, ಥೈರಾಯ್ಡ್, ಮ್ಯಾಮೋಗ್ರಾಂ ಮತ್ತು ಗರ್ಭಕೋಶದ ಸ್ಕ್ಯಾನ್. ಥೈರಾಯ್ಡ್ ಏರುಪೇರಾದರೂ ಬೆವರು, ನಿದ್ರಾಹೀನತೆ, ಎದೆಬಡಿತ ಕಾಣಿಸಿಕೊಳ್ಳುವುದರಿಂದ ಅದೊಂದನ್ನು ಯಾರೂ ಬಿಡಬಾರದಂತೆ. ಹಣ ಮರಳಿ ಬರಲು ಮಾತ್ರ ಹದಿನೆಂಟು ದಿನ ಹಿಡಿಯಿತು. ಹೋಗುವವರು ಕೌಂಟರಿನಲ್ಲಿ ಸಮಾಲೋಚನೆಯ ಶುಲ್ಕವನ್ನಷ್ಟೇ ಕಟ್ಟಿ ಒಳಗೆ ಹೋಗುವುದು ಒಳ್ಳೆಯದು.

ಒಳಗೆ ನಡೆದ ನಲವತ್ತು ನಿಮಿಷಗಳ ಮಾತುಕತೆಯ ಬಗ್ಗೆ ನನಗೆ ದೂರೇ ಇಲ್ಲ. ಋತುಬಂಧದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಭಯವನ್ನು ಹೊತ್ತುಕೊಂಡೇ ನಾನು ಹೋಗಿದ್ದೆ. ನನ್ನ ಅಕ್ಕನಿಗೆ ಆಕೆಯ ವೈದ್ಯರು ಹೇಳಿದ್ದೂ ಅದನ್ನೇ. ಡಾಕ್ಟರಮ್ಮ ಭಯವನ್ನು ನಗೆಯಾಡಿ ತಳ್ಳಿಹಾಕದೆ ಅದು ಹುಟ್ಟಿದ ಕಡೆಗೇ ಕರೆದೊಯ್ದರು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶವಿದ್ದ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ವರ್ಷಕ್ಕೆ 10,000 ಮಂದಿಗೆ 30 ಸ್ತನ ಕ್ಯಾನ್ಸರ್ ಪ್ರಕರಣಗಳಿದ್ದರೆ, ಹಾರ್ಮೋನ್ ಪಡೆದವರಲ್ಲಿ 38 ಇದ್ದವು. ಮೂವತ್ತಕ್ಕೆ ಎಂಟು ಸೇರಿದರೆ ಶೇಕಡಾ 26ಕ್ಕೂ ತುಸು ಹೆಚ್ಚು ಏರಿಕೆ, ಸುದ್ದಿಯಾದದ್ದು ಶೇಕಡಾ 26 ಎಂಬ ಆ ಪ್ರಮಾಣ. ಹತ್ತು ಸಾವಿರದಲ್ಲಿ ಎಂಟು ಎಂದೂ ಅದನ್ನೇ ಹೇಳಬಹುದಿತ್ತು. ಶೇಕಡಾವಾರು ಲೆಕ್ಕವನ್ನು ಎಂಟನೇ ತರಗತಿಗೆ ಇಪ್ಪತ್ತು ವರ್ಷ ಕಲಿಸಿದ ನಾನು ಈ ಒಂದು ಲೆಕ್ಕವನ್ನು ಕೇಳಿ ನೋಡಿರಲಿಲ್ಲ. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟದ್ದು ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಕೃತಕ ಹಾರ್ಮೋನ್ ಸೇರಿದ ಗುಳಿಗೆ. ಅರವತ್ತರೊಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸುವವರಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಎಂಟು ಎಂದರೆ ಸೊನ್ನೆಯಲ್ಲ ಎಂದೂ ಅವರು ಹೇಳಿದರು. ಸ್ತನ ಕ್ಯಾನ್ಸರ್ ಆಗಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಯಕೃತ್ತಿನ ಕಾಯಿಲೆಯಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಈ ದಾರಿ ಹಿಡಿಯುವಂತಿಲ್ಲ.

ಆಮೇಲೆ ಮೇಜಿನ ಮೇಲೆ ಆಯ್ಕೆಗಳು ಬಂದವು. ಕುದುರೆಮೂತ್ರದ ಗುಳಿಗೆ 1940ರ ದಶಕದಿಂದ ಬಳಕೆಯಲ್ಲಿದೆ ಎಂದು ಕೇಳಿ ನಾನು ಮುಖ ಸಿಂಡರಿಸಿದೆ. ಗೋಮೂತ್ರದ ಅರ್ಕವನ್ನು ತೀರ್ಥದಂತೆ ಕುಡಿಯುವ ಮನೆಯವಳಾದ ನನಗೆ ಹಾಗೆ ಮಾಡುವ ಹಕ್ಕಿತ್ತೋ ಇಲ್ಲವೋ ಗೊತ್ತಿಲ್ಲ. ಈಸ್ಟ್ರೋಜನ್ನಿನ ಒಂದು ರೂಪವಾದ ಎಸ್ಟ್ರಡಯಾಲ್‌ನ ಗುಳಿಗೆ, ಚರ್ಮಕ್ಕೆ ಹಚ್ಚುವ ಎಸ್ಟ್ರಡಯಾಲ್ ಜೆಲ್, ಹಾರ್ಮೋನಿನಂತೆ ಕೆಲಸ ಮಾಡುವ ಟಿಬೊಲೋನ್ ಗುಳಿಗೆ ಇವು ಉಳಿದವು. ಹಾರ್ಮೋನ್ ಬೇಡವೆನ್ನುವವರಿಗೆ ಖಿನ್ನತೆಗೆ ಕೊಡುವ ಔಷಧಗಳಾದ, ಕಡಿಮೆ ಪ್ರಮಾಣದ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಂಥವು ಝಳವನ್ನು ಒಂದು ಮಟ್ಟಕ್ಕೆ ಇಳಿಸುತ್ತವೆ. ನನ್ನ ತಾಯಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ವಿಷಯ ಹೇಳಿದಾಗ ನಿರ್ಧಾರ ಜೆಲ್ಲಿನ ಕಡೆ ವಾಲಿತು. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಆ ತೊಂದರೆ ಕಾಣುವುದಿಲ್ಲ. ಗರ್ಭಕೋಶವಿರುವವರು ಈಸ್ಟ್ರೋಜನ್ ಒಂದನ್ನೇ ಪಡೆದರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದಾದ್ದರಿಂದ ಜೊತೆಗೆ ರಾತ್ರಿ 100 ಮಿಲಿಗ್ರಾಂ ಅದನ್ನು ತಡೆಯುವ ಮೈಕ್ರೊನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟೆರಾನ್ ಹಾರ್ಮೋನಿನ ಕ್ಯಾಪ್ಸೂಲನ್ನೂ ಬರೆದರು. ಅದರಿಂದ ಮಂಪರು ಬರುತ್ತದೆ. ನನಗಂತೂ ಅದು ಅಡ್ಡಪರಿಣಾಮಕ್ಕಿಂತ ವರವಾಗಿಯೇ ಒದಗಿತು.

ಜೆಲ್ ಪಾರದರ್ಶಕ, ಸ್ಪಿರಿಟಿನ ವಾಸನೆ, ಅಂಟಿಲ್ಲ. ಟ್ಯೂಬಿನೊಂದಿಗೆ ಬರುವ ಅಳತೆಪಟ್ಟಿಯಲ್ಲಿ 2.5 ಗ್ರಾಂ ಜೆಲ್ ತೆಗೆದರೆ ಅದರಲ್ಲಿ 1.5 ಮಿಲಿಗ್ರಾಂ ಎಸ್ಟ್ರಡಯಾಲ್ ಇರುತ್ತದೆ. ನನಗೆ ಮೊದಲು ಅದರ ಅರ್ಧದಿಂದ ಆರಂಭಿಸಿ ಆರು ವಾರಗಳ ನಂತರ ಪೂರ್ತಿ ಅಳತೆಗೆ ಏರಿಸಿದರು. ಆ ಲೆಕ್ಕದಲ್ಲಿ 80 ಗ್ರಾಂ ಟ್ಯೂಬು 32 ದಿನಕ್ಕೆ ಮುಗಿಯುತ್ತದೆ. ತೋಳಿಗೆ ತೆಳುವಾಗಿ ಸವರಿ ಒಣಗಲು ಬಿಡಬೇಕು. ಸ್ತನದ ಮೇಲೆ ಹಚ್ಚಬಾರದು. ಒಂದು ಗಂಟೆಯವರೆಗೆ ಆ ಜಾಗವನ್ನು ತೊಳೆಯಬಾರದು, ಬೇರೆಯವರ ಮೈಗೆ, ಮುಖ್ಯವಾಗಿ ಮಕ್ಕಳ ಮೈಗೆ ತಾಗಿಸಬಾರದು. ಇದರಲ್ಲಿ ಆಲ್ಕೊಹಾಲ್ ಇರುವುದರಿಂದ ಒಣಗುವವರೆಗೆ ಬೆಂಕಿಯ ಹತ್ತಿರ ಹೋಗುವಂತಿಲ್ಲ. ಸ್ನಾನ ಮುಗಿಸಿ ಜೆಲ್ ಹಚ್ಚಿ ನೇರವಾಗಿ ದೇವರ ದೀಪ ಹಚ್ಚುವ ನನ್ನ ಅಭ್ಯಾಸವನ್ನು ಎರಡನೇ ಭೇಟಿಯಲ್ಲಿ ಕೇಳಿ ತಿಳಿದ ನರ್ಸ್ ಗಾಬರಿಯಾದರು. ಮೊದಲ ದಿನವೇ ಹೇಳಬೇಕಿದ್ದ ಮಾತು ಅದು. ಪೆಟ್ಟಿಗೆಯೊಳಗಿನ ಚೀಟಿಯಲ್ಲಾಗಲಿ ಕ್ಲಿನಿಕ್ಕು ಕೊಟ್ಟ ನಾಲ್ಕು ಪುಟದ ಕರಪತ್ರದಲ್ಲಾಗಲಿ ಕನ್ನಡದ ಒಂದು ಸಾಲೂ ಇಲ್ಲ. ನಾನು ಓದಿಕೊಂಡೇನು, ನನ್ನ ಪಕ್ಕ ಕುಳಿತಿದ್ದ, ಶ್ರೀರಂಗಪಟ್ಟಣದ ಕಡೆಯಿಂದ ಬಂದಿದ್ದ ಹೆಂಗಸು ಅದನ್ನು ಬೀಸಣಿಗೆ ಮಾಡಿಕೊಂಡಿದ್ದರು.

ಫಲ ಹೇಗೆಂದರೆ, ಮೂರನೇ ವಾರದ ಹೊತ್ತಿಗೆ ರಾತ್ರಿಯ ಬೆವರು ಇಳಿಯಿತು. ಪೂರ್ತಿ ಅಳತೆಗೆ ಏರಿದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಸಲ ಬರುತ್ತಿದ್ದ ಝಳ ಒಂದೆರಡಕ್ಕೆ ಬಂದಿದೆ. ಪದೇಪದೇ ಕಾಡುತ್ತಿದ್ದ ಉರಿಮೂತ್ರಕ್ಕೂ ಯೋನಿಯ ಶುಷ್ಕತೆಗೂ ಪ್ರತ್ಯೇಕವಾಗಿ ಎಸ್ಟ್ರಯಾಲ್ ಎಂಬ ಇನ್ನೊಂದು ಈಸ್ಟ್ರೋಜನ್ನಿನ ಕ್ರೀಮ್ ಬರೆದುಕೊಟ್ಟರು. ಇದು ಆ ಭಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಝಳದ ಕಾಟವಿಲ್ಲದೆ ಇದೊಂದೇ ತೊಂದರೆಯಿರುವವರಿಗೆ ಬಹುಪಾಲು ಈ ಕ್ರೀಮೇ ಸಾಕಾಗುತ್ತದೆಯಂತೆ. ಮಂಡಿನೋವು ಮಾತ್ರ ಹಾಗೆಯೇ ಇದೆ.

ಮೂರನೇ ತಿಂಗಳಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡಾಗ ಕ್ಲಿನಿಕ್ಕಿನ ಸೇವೆ ಕೈಕೊಟ್ಟಿತು. ತುರ್ತಿಗೆಂದು ಕೊಟ್ಟಿದ್ದ ವಾಟ್ಸ್ಆ್ಯಪ್ ಸಂಖ್ಯೆಗೆ ಕಳಿಸಿದ ಸಂದೇಶಕ್ಕೆ ಮೂರು ದಿನ ಉತ್ತರವಿಲ್ಲ. ಮನೆಯವರು ರಜೆ ಹಾಕಿ ಕರೆದುಕೊಂಡು ಹೋದ ಮೇಲೆ, ಆರಂಭದ ಮೂರರಿಂದ ಆರು ತಿಂಗಳು ಹೀಗಾಗುವುದು ಸಾಮಾನ್ಯ, ಆಮೇಲೂ ಮುಂದುವರಿದರೆ ಅಥವಾ ನಿಂತದ್ದು ಮತ್ತೆ ಬಂದರೆ ತಡಮಾಡದೆ ತೋರಿಸಬೇಕು ಎಂದು ಡಾಕ್ಟರಮ್ಮ ಐದು ನಿಮಿಷದಲ್ಲಿ ವಿವರಿಸಿದರು. ಸ್ಕ್ಯಾನಿನಲ್ಲಿ ಒಳಪದರ ತೆಳುವಾಗಿಯೇ ಇತ್ತು. ಆ ಐದು ನಿಮಿಷದ ಮಾತನ್ನು ಮೊದಲೇ ಬರೆದುಕೊಟ್ಟಿದ್ದರೆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಮಂಡ್ಯದಲ್ಲಿ ನಾನು ವಿಚಾರಿಸಿದ ಆರು ಮೆಡಿಕಲ್ ಶಾಪುಗಳಲ್ಲಿ ಜೆಲ್ ಇದ್ದದ್ದು ಒಂದರಲ್ಲಿ, ಅದೂ ತರಿಸಿಕೊಟ್ಟರು. ಅಂಗಡಿಯ ಹುಡುಗ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿ ‘ನೋವಿಗಾ ಮೇಡಂ?’ ಎಂದ; ಹೌದೆಂದೆ. ಈಗ ಟ್ಯೂಬು ಮುಗಿಯುವುದಕ್ಕೆ ಹತ್ತು ದಿನ ಇರುವಾಗಲೇ ಅವನಿಗೆ ಫೋನು ಮಾಡಿ ಹೇಳಿಡುತ್ತೇನೆ.