ಸ್ಟೇರಿಂಗ್ ಕೆಳಗೆ ಸಿಕ್ಕಿಸುವ ಓಬಿಡಿ ಅಡಾಪ್ಟರ್: ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಕಾರಿಗೆಂದು ನಾನು ಕೊಂಡ ಸಾಮಾನುಗಳಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ಅಡಾಪ್ಟರ್ ಇದು. ಒಂದು ಸಲ ಫುಲ್ ಟ್ಯಾಂಕ್ ಹಾಕಿಸುವ ದುಡ್ಡಿಗಿಂತ ಕಡಿಮೆಗೆ ಬಂತು. ಕಾರಿನ ಓಬಿಡಿ ಪೋರ್ಟಿಗೆ, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿನ ಮಾಹಿತಿ ಓದಲು ಕೊಟ್ಟಿರುವ ಸಾಕೆಟ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಎಂಜಿನ್ ಒಳಗೆ ಏನು ನಡೆಯುತ್ತಿದೆ ಅನ್ನುವುದು ಅಂಕಿಗಳಲ್ಲಿ ಕಾಣುತ್ತದೆ. ಆದರೆ ಆ ಅಂಕಿಗಳನ್ನು ನೋಡುವ ತಾಳ್ಮೆ ಇರಬೇಕು. ಇಲ್ಲದಿದ್ದರೆ ಇದನ್ನು ಕೊಂಡು ಪ್ರಯೋಜನವಿಲ್ಲ.

ಪೋರ್ಟ್ ಎಲ್ಲಿರುತ್ತದೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಇರುತ್ತದೆ. ಎರಡು ಸಾಲಿನಲ್ಲಿ 16 ಪಿನ್‌ಗಳು. ಅಮೆರಿಕದಲ್ಲಿ 1996ರ ಮಾಡೆಲ್ ಕಾರುಗಳಿಂದ ಓಬಿಡಿ-2 ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ಹೊಗೆ ಎಷ್ಟು ಕೆಟ್ಟದಾಗಿ ಬರುತ್ತಿದೆ ಎಂದು ಪತ್ತೆ ಹಚ್ಚುವುದಕ್ಕೆ ಶುರುವಾದ ವ್ಯವಸ್ಥೆ ಇದು. ಹಾಗಾಗಿ ಬೇರೆ ಬೇರೆ ಕಂಪನಿಯ ಕಾರುಗಳಾದರೂ ಮುಖ್ಯವಾದ ಮಾಹಿತಿ ಒಂದೇ ರೀತಿಯಲ್ಲಿ ಸಿಗುತ್ತದೆ. ನಮ್ಮ ಮನೆಯ ಎರಡು ಕಾರಿಗೂ ಇದೊಂದೇ ಅಡಾಪ್ಟರ್ ಸಾಕಾಗಿದೆ.

ನನ್ನದು ಹಳೆಯ ಪೆಟ್ರೋಲ್ ಕಾರು. ಓಡಾಟವೆಲ್ಲ ಹತ್ತಿರ ಹತ್ತಿರದ್ದೇ. ಚಳಿ ಶುರುವಾದ ಮೇಲೆ ಮೈಲೇಜ್ ಬಿದ್ದಿತ್ತು. ಚಳಿಯಲ್ಲಿ ಸ್ವಲ್ಪ ಬೀಳುವುದು ಸಹಜ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದ ಪ್ರಕಾರ, ಊರೊಳಗಿನ ಸಣ್ಣ ಓಡಾಟದಲ್ಲಿ ಪೆಟ್ರೋಲ್ ಕಾರಿನ ಮೈಲೇಜ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಗುವುದಕ್ಕಿಂತ ಮೈನಸ್ 7ರಲ್ಲಿ ಸುಮಾರು 15 ಶೇಕಡಾ ಕಡಿಮೆ. ಐದಾರು ಕಿಲೋಮೀಟರ್‌ನ ಟ್ರಿಪ್ ಆದರೆ 24 ಶೇಕಡಾವರೆಗೂ ಕಡಿಮೆಯಾಗಬಹುದು. ಆದರೆ ನಮ್ಮ ಚಳಿ ಅಷ್ಟೇನೂ ಕಠಿಣವಾಗಿರಲಿಲ್ಲ, ಮೈಲೇಜ್ ಮಾತ್ರ ಅದಕ್ಕೂ ಮೀರಿ ಬಿದ್ದಿತ್ತು. ಒಂದು ಗ್ಯಾರೇಜಿನಲ್ಲಿ ಕೇಳಿದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಂದರು. ಮಾಡಿಸಿದೆ. ಏನೂ ಬದಲಾಗಲಿಲ್ಲ. ಮುಂದೆ ಫ್ಯೂಯಲ್ ಪಂಪ್ ಬದಲಿಸಬೇಕು ಅಂದರು. ಒಂದೇ ಒಂದು ಅಳತೆ ತೆಗೆಯದೆ ಪಾರ್ಟ್ ಮೇಲೆ ಪಾರ್ಟ್ ಹೇಳಿದ್ದು ನನಗೆ ಈಗಲೂ ಬೇಸರ ತರಿಸುತ್ತದೆ. ಅಡಾಪ್ಟರ್ ಕೊಂಡಿದ್ದು ಆಗಲೇ.

ಆ್ಯಪ್‌ನಲ್ಲಿ ನಾನು ಮೊದಲು ತೆರೆದದ್ದು ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವದ ಉಷ್ಣತೆಯ ಗ್ರಾಫ್. ಬಿಸಿಯಾದ ಎಂಜಿನ್ನಿನಲ್ಲಿ ಅದು ಹೆಚ್ಚುಕಡಿಮೆ 85ರಿಂದ 105 ಡಿಗ್ರಿ ಒಳಗೆ ನಿಲ್ಲಬೇಕು. ನನ್ನ ಕಾರಿನಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗ ನಿಧಾನವಾಗಿ 80ರ ಹತ್ತಿರ ಬರುತ್ತಿತ್ತು. ಖಾಲಿ ರಸ್ತೆಯಲ್ಲಿ ಸ್ಪೀಡ್ ಹಿಡಿದ ಕೂಡಲೇ 60ರ ಆಸುಪಾಸಿಗೆ ಇಳಿಯುತ್ತಿತ್ತು. ರೇಡಿಯೇಟರಿಗೆ ಗಾಳಿ ಬಡಿದ ಹಾಗೆಲ್ಲ ಎಂಜಿನ್ ತಣ್ಣಗಾಗುತ್ತಿದೆ ಎಂದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎಂದರ್ಥ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವುದೇ ಅದರ ಕೆಲಸ. ಅದು ಕೈಕೊಟ್ಟರೆ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಹಾಕುತ್ತಲೇ ಇರುತ್ತದೆ. ಆಯಿಲ್ ಕೂಡ ಸರಿಯಾಗಿ ಬಿಸಿಯಾಗುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಇದು ಕಾಣಲೇ ಇಲ್ಲ. ನನ್ನ ಕಾರಿನಲ್ಲಿ ಮುಳ್ಳಿನ ಮೀಟರ್ ಇಲ್ಲ. ತಣ್ಣಗಿದ್ದಾಗ ಒಂದು ನೀಲಿ ದೀಪ ಹತ್ತುತ್ತದೆ, ಆಮೇಲೆ ಆರಿಹೋಗುತ್ತದೆ, ಅಷ್ಟೇ. ಮುಳ್ಳು ಇರುವ ಎಷ್ಟೋ ಕಾರುಗಳಲ್ಲಿಯೂ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ. ನಿಜ ಹೇಳಬೇಕೆಂದರೆ ಅಮ್ಮನಿಗೆ ಇದು ಮೊದಲೇ ಗೊತ್ತಾಗಿತ್ತು. "ಹೀಟರ್ ಹಾಕಿದರೂ ಕಾಲು ಬೆಚ್ಚಗಾಗ್ತಿಲ್ಲ ಕಣೋ" ಅಂತ ಮುಂದಿನ ಸೀಟಿನಲ್ಲಿ ಕೂತು ಎಷ್ಟೋ ಸಲ ಹೇಳಿದ್ದರು. ಹೀಟರಿಗೆ ಬಿಸಿ ಬರುವುದು ಅದೇ ಕೂಲೆಂಟಿನಿಂದ ಅಲ್ವಾ? ಬೇರೊಬ್ಬ ಮೆಕ್ಯಾನಿಕ್‌ಗೆ ಗ್ರಾಫ್ ತೋರಿಸಿದೆ. ಅವರು ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿದರು. ಎಂಜಿನ್ ಬಿಸಿಯಾಗುವ ಮೊದಲೇ ಹೋಸ್ ಬೆಚ್ಚಗಾಗತೊಡಗಿತ್ತು. ಅದು ಆಗಬಾರದು. ಥರ್ಮೋಸ್ಟಾಟ್ ಬದಲಾಯಿಸಿದರು. ಈಗ ಗ್ರಾಫ್ 90ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಮೈಲೇಜ್ ವಾಪಸ್ ಬಂತು. ಅಮ್ಮನ ಕಾಲೂ ಬೆಚ್ಚಗಿದೆ.

ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತದೆ. ಇಂಥ ತೊಂದರೆಗೂ ಒಂದು ಕೋಡ್ ಇದೆ, ಪಿ0128. ನನ್ನ ಕಾರಿನಲ್ಲಿ ಅದು ಬಂದೇ ಇರಲಿಲ್ಲ, ಚೆಕ್ ಎಂಜಿನ್ ದೀಪವೂ ಹತ್ತಿರಲಿಲ್ಲ. ಅದಕ್ಕೇ ಹೇಳುವುದು, ಈ ಸಾಧನದ ನಿಜವಾದ ಬೆಲೆ ಕೋಡ್ ಓದುವುದರಲ್ಲಿ ಇಲ್ಲ. ಓಡುತ್ತಿರುವಾಗ ಬರುವ ಲೈವ್ ಅಂಕಿಗಳಲ್ಲಿ ಇದೆ.

ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆ ಇರುವವರು ಒಂದು ಸುಲಭದ ಪರೀಕ್ಷೆ ಮಾಡಬಹುದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೀ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಆ್ಯಪ್‌ನಲ್ಲಿ ಕೂಲೆಂಟ್ ಉಷ್ಣತೆ, ಒಳಗೆ ಬರುವ ಗಾಳಿಯ ಉಷ್ಣತೆ ಎರಡನ್ನೂ ನೋಡಿ. ಎರಡೂ ಹೊರಗಿನ ಹವೆಯ ಹತ್ತಿರ ಇರಬೇಕು. ಒಂದು 12, ಇನ್ನೊಂದು 30 ಎಂದು ತೋರಿಸಿದರೆ ಯಾವುದೋ ಒಂದು ಸೆನ್ಸಾರ್ ತಪ್ಪು ಹೇಳುತ್ತಿದೆ. ಕೂಲೆಂಟ್ ಮೈನಸ್ 40 ಎಂದು ತೋರಿಸಿದರೆ ಸೆನ್ಸಾರಿನ ವೈರ್ ಎಲ್ಲೋ ಕಡಿದಿರುವ ಸಾಧ್ಯತೆ ಜಾಸ್ತಿ. ಈ ವ್ಯವಸ್ಥೆ ಹೇಳಬಲ್ಲ ಅತಿ ಕಡಿಮೆ ಉಷ್ಣತೆಯೇ ಅದು. ತಣ್ಣಗಿದ್ದಾಗ ಎಷ್ಟು ಪೆಟ್ರೋಲ್ ಸುರಿಯಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುವುದು ಮುಖ್ಯವಾಗಿ ಈ ಸೆನ್ಸಾರ್ ನೋಡಿಯೇ. ಅದು ಸುಳ್ಳು ಹೇಳಿದರೆ ಗಾಡಿ ಒಂದೋ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಕಪ್ಪು ಹೊಗೆ ಬಿಡುತ್ತದೆ.

ಬ್ಯಾಟರಿ ವೋಲ್ಟೇಜ್ ಕೂಡ ಕಾಣುತ್ತದೆ. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ಇದ್ದರೆ ಫುಲ್ ಚಾರ್ಜ್, 12.2 ಎಂದರೆ ಹೆಚ್ಚುಕಡಿಮೆ ಅರ್ಧ. ಸ್ಟಾರ್ಟ್ ಆದ ಮೇಲೆ 13.7ರಿಂದ 14.7ರೊಳಗೆ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಹೊಸ ಕೆಲವು ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ಹೆಚ್ಚುಕಡಿಮೆ ಮಾಡುತ್ತದೆ. ಅಲ್ಲಿ ಅಂಕಿ ಮೇಲೆ ಕೆಳಗೆ ಆಡಿದರೆ ಗಾಬರಿ ಬೇಡ. ಒಂದು ಕೊರತೆ ಮಾತ್ರ ಇಲ್ಲಿ ಎದ್ದು ಕಾಣುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಎಷ್ಟಕ್ಕೆ ಬೀಳುತ್ತದೆ ಅನ್ನುವುದೇ ಬ್ಯಾಟರಿಯ ನಿಜವಾದ ಪರೀಕ್ಷೆ. 9.6ಕ್ಕಿಂತ ಕೆಳಗೆ ಹೋದರೆ ಅನುಮಾನ ಪಡಬೇಕು. ಆದರೆ ಇಂಥ ಅಗ್ಗದ ಅಡಾಪ್ಟರ್ ಅಷ್ಟು ವೇಗವಾಗಿ ಓದುವುದಿಲ್ಲ. ಕನೆಕ್ಷನ್ ಕಡಿದುಹೋಗುವುದೂ ಉಂಟು. ನನ್ನದು ಮಲ್ಟಿಮೀಟರಿಗಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಆ್ಯಪ್‌ನಲ್ಲಿ ಸರಿಪಡಿಸಿಕೊಂಡಿದ್ದೇನೆ. ಬ್ಯಾಟರಿಗೋಸ್ಕರವೇ ಕೊಳ್ಳುವುದಾದರೆ ಒಂದು ಸಾದಾ ಮಲ್ಟಿಮೀಟರ್ ಸಾಕು.

ಇನ್ನು ಪೆಟ್ರೋಲ್ ಖರ್ಚು. ಆ್ಯಪ್ ತೋರಿಸುವ ಮೈಲೇಜನ್ನು ಕಣ್ಣುಮುಚ್ಚಿ ನಂಬಬೇಡಿ, ಅದು ಲೆಕ್ಕ ಹಾಕಿದ್ದು, ಅಳೆದದ್ದಲ್ಲ. ಎಂಜಿನ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಎಳೆಯಿತು ಎಂದು ತಿಳಿದುಕೊಂಡು, 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಅಂತ ಲೆಕ್ಕ ಮಾಡುತ್ತದೆ. ಸೆಕೆಂಡಿಗೆ 10 ಗ್ರಾಂ ಗಾಳಿ ಎಂದರೆ ಗಂಟೆಗೆ ಸುಮಾರು 3.3 ಲೀಟರ್. ಪೆಟ್ರೋಲಿನಲ್ಲಿ 10 ಶೇಕಡಾ ಎಥನಾಲ್ ಇದ್ದರೆ ಆ 14.7 ಕೂಡ 14.1ರ ಹತ್ತಿರಕ್ಕೆ ಇಳಿಯುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಇನ್ನೂ ಜಾಸ್ತಿ. ಹಾಗಾಗಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿ, ಆ್ಯಪ್‌ನ ಅಂಕಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಹಾಗೆ ಹೊಂದಿಸಿದ ಮೇಲೆ ನನ್ನದು ಚೆನ್ನಾಗಿಯೇ ಹೇಳುತ್ತಿದೆ.

ಅದರಿಂದ ನನ್ನ ಓಡಿಸುವ ರೀತಿ ಬದಲಾಗಿದೆ. ಮೊದಲೆಲ್ಲ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ ಅಂತ ಸುಮ್ನೆ ನಿಲ್ಲಿಸುವ ರೂಢಿ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. ಗ್ರಾಫ್ ನೋಡಿದರೆ ನಿಂತಲ್ಲೇ ಕೂಲೆಂಟ್ ಏರುವುದು ಬಹಳ ನಿಧಾನ. ಮೆಲ್ಲಗೆ ಓಡಿಸುತ್ತಾ ಹೋದರೆ ಎಷ್ಟೋ ಬೇಗ ಏರುತ್ತದೆ. ಹೀಗೆ ನಿಂತಷ್ಟು ಹೊತ್ತೂ ಪೆಟ್ರೋಲ್ ಸುಡುತ್ತಲೇ ಇರುತ್ತದೆ, ಕಿಲೋಮೀಟರ್ ಮಾತ್ರ ಸೊನ್ನೆ. ಈಗ ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟು ಹೊತ್ತು ಸಾಕು, ಹೊರಟುಬಿಡುತ್ತೇನೆ. ಕೂಲೆಂಟ್ ಬಿಸಿಯಾಗುವ ತನಕ ಜೋರಾಗಿ ರೇಸ್ ಕೊಡುವುದಿಲ್ಲ. ಎರಡು ಸಣ್ಣ ಕೆಲಸಗಳಿದ್ದರೆ ಒಂದೇ ಓಡಾಟದಲ್ಲಿ ಮುಗಿಸುತ್ತೇನೆ, ಬಿಸಿ ಎಂಜಿನ್ ಆರುವುದರೊಳಗೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವವರು ಈಗಲೂ ಇದ್ದಾರೆ. ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಇದನ್ನು ಆ್ಯಪ್‌ನ ಮೈಲೇಜ್ ಅಂಕಿಯಲ್ಲಿ ಹುಡುಕಬೇಡಿ, ಗಾಳಿಯ ಲೆಕ್ಕದ ಮೇಲೆ ನಡೆಯುವ ಎಷ್ಟೋ ಆ್ಯಪ್‌ಗಳಿಗೆ ಇಂಜೆಕ್ಟರ್ ನಿಂತದ್ದು ಗೊತ್ತಾಗುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಮೊದಲ ಆಕ್ಸಿಜನ್ ಸೆನ್ಸಾರಿನ ಗ್ರಾಫ್ ತೆರೆಯಿರಿ. ಹಳೆಯ ಮಾದರಿಯ ಸೆನ್ಸಾರ್ ಇರುವ ನನ್ನ ಕಾರಿನಲ್ಲಿ ಕಾಲು ತೆಗೆದ ಸ್ವಲ್ಪ ಹೊತ್ತಿಗೇ ಅದು ಸೊನ್ನೆ ವೋಲ್ಟ್ ಹತ್ತಿರ ಬಿದ್ದು ಅಲ್ಲೇ ಮಲಗುತ್ತದೆ. ಸೈಲೆನ್ಸರಿನಲ್ಲಿ ಹೋಗುತ್ತಿರುವುದು ಬರೀ ಗಾಳಿ. ಮೊದಲ ಸಲ ನೋಡಿದಾಗ ತುಂಬಾ ಖುಷಿಯಾಯಿತು.

ಟೈರ್ ಗಾಳಿಯನ್ನು ಇದು ತೋರಿಸುವುದಿಲ್ಲ. ಹವೆ ಐದಾರು ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್ಐ ಇಳಿಯುತ್ತದೆ. ಅದನ್ನು ಗೇಜ್ ಹಿಡಿದೇ ನೋಡಬೇಕು.

ಕೋಡ್‌ಗಳ ಬಗ್ಗೆ ಒಂದು ಎಚ್ಚರಿಕೆ. ಕೋಡ್ ಯಾವ ಪಾರ್ಟ್ ಹಾಳಾಗಿದೆ ಎಂದು ಹೇಳುವುದಿಲ್ಲ, ಕಂಪ್ಯೂಟರಿಗೆ ಏನು ಸರಿ ಕಾಣಲಿಲ್ಲ ಎಂದಷ್ಟೇ ಹೇಳುತ್ತದೆ. ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಅರ್ಥ. ಅದಕ್ಕೆ ಒಡೆದ ಒಂದು ಸಣ್ಣ ವ್ಯಾಕ್ಯೂಮ್ ಪೈಪೂ ಕಾರಣ ಆಗಬಹುದು, ಸೋತ ಪಂಪೂ ಆಗಬಹುದು. ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ. ಪ್ಲಸ್ ಅಥವಾ ಮೈನಸ್ 10ರೊಳಗೆ ಇದ್ದರೆ ಸಾಮಾನ್ಯ. ಗಾಡಿ ನಿಂತು ಎಂಜಿನ್ ಓಡುವಾಗ ಪ್ಲಸ್ 20, ರೇಸ್ ಕೊಟ್ಟಾಗ ಸೊನ್ನೆಯ ಹತ್ತಿರ ಬಂದರೆ ಪೈಪಿನ ಕಡೆ ಮೊದಲು ನೋಡಿ. ಆ್ಯಪ್‌ನಲ್ಲಿ ಕೋಡ್ ಅಳಿಸುವ ಬಟನ್ ಕಣ್ಣಿಗೆ ರಾಚುವ ಹಾಗೆ ಇಟ್ಟಿದ್ದಾರೆ, ಇದು ನನಗೆ ಇಷ್ಟವಾಗಲಿಲ್ಲ. ಅದನ್ನು ಒತ್ತಿದರೆ ದೀಪ ಆರುತ್ತದೆ, ತೊಂದರೆ ಹಾಗೇ ಇರುತ್ತದೆ. ಕೋಡ್ ಬಂದ ಹೊತ್ತಿನಲ್ಲಿ ಎಂಜಿನ್ ಹೇಗಿತ್ತು ಎಂಬ ದಾಖಲೆಯೂ ಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾದದ್ದೇ ಆ ದಾಖಲೆ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ಕೊಳ್ಳುವವರು ಕೆಲವು ವಿಷಯ ನೋಡಿಕೊಳ್ಳಿ. ಇಂಥ ಅಡಾಪ್ಟರ್‌ಗಳು ಹೆಚ್ಚಾಗಿ ಇಎಲ್ಎಂ327 ಎಂಬ ಚಿಪ್‌ನ ಹೆಸರಿನಲ್ಲಿ ಬರುತ್ತವೆ. ಅತಿ ಅಗ್ಗದವು ಹೆಚ್ಚಾಗಿ ಅದರ ನಕಲು. ವರ್ಷನ್ 1.5 ಎಂದು ಬರೆದದ್ದು, 2.1 ಎಂದು ಬರೆದರೂ ಅರ್ಧ ಕಮಾಂಡ್ ತಿಳಿಯದಿರುವುದು, ಎಲ್ಲವೂ ಮಾರುಕಟ್ಟೆಯಲ್ಲಿ ಇವೆ. ನಿಮ್ಮ ಕಾರಿಗೆ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಐಫೋನ್ ಇರುವವರಿಗೆ ಹಳೆಯ ಬ್ಲೂಟೂತ್ ಅಡಾಪ್ಟರ್ ಆಗುವುದಿಲ್ಲ, ಬ್ಲೂಟೂತ್ ಎಲ್ಇ ಅಥವಾ ವೈಫೈ ಇರುವುದು ಬೇಕು. ಪೋರ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರುತ್ತದೆ, ಕೀ ತೆಗೆದರೂ. ವಾರಗಟ್ಟಲೆ ನಿಲ್ಲುವ ಕಾರಿನಲ್ಲಿ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಇಳಿಯಬಹುದು. ಪಾಸ್‌ವರ್ಡ್ ಕೂಡ ಸಾಮಾನ್ಯವಾಗಿ 1234 ಅಥವಾ 0000, ಪಕ್ಕದವರು ಯಾರು ಬೇಕಾದರೂ ಜೋಡಿಸಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಕಿತ್ತಿಡುವುದು ಒಳ್ಳೆಯದು. ಮೊಣಕಾಲಿಗೆ ತಾಗುವ ಕಾರುಗಳಲ್ಲಿ ಒಂದು ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಹಾಕಿಕೊಳ್ಳಿ. ಓಡಿಸುವವರು ಫೋನ್ ನೋಡಬೇಡಿ. ಆ್ಯಪ್ ತಾನೇ ದಾಖಲಿಸುತ್ತದೆ, ನಿಲ್ಲಿಸಿದ ಮೇಲೆ ನೋಡಿದರಾಯಿತು.

ತಮ್ಮನ ಡೀಸೆಲ್ ಕಾರಿಗೂ ಹಾಕಿ ನೋಡಿದೆವು. ಕೂಲೆಂಟ್, ವೋಲ್ಟೇಜ್, ಕೋಡ್ ಎಲ್ಲ ಸರಿಯಾಗಿ ಬಂದವು. ಮೈಲೇಜ್ ಮಾತ್ರ ಪೂರ್ತಿ ತಪ್ಪು, ಏಕೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೂ ಡೀಸೆಲಿಗೂ 14.7ರಂಥ ನಿಂತ ಲೆಕ್ಕ ಇಲ್ಲ. ಎಲೆಕ್ಟ್ರಿಕ್ ಕಾರಿನವರಿಗೆ ಆಯಾ ಮಾಡೆಲ್‌ಗೆಂದೇ ಮಾಡಿದ ಆ್ಯಪ್ ಬೇಕಾಗುತ್ತದೆ, ಅದು ಇದೆಯೇ ಎಂದು ನೋಡಿಕೊಂಡೇ ಅಡಾಪ್ಟರ್ ಕೊಳ್ಳಿ. ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು, ಅದರಲ್ಲಿ ಈ ಪೋರ್ಟ್ ಇದ್ದು ಅಂಕಿ ನೋಡುವ ತಾಳ್ಮೆಯೂ ಇದ್ದರೆ, ಯೋಚಿಸದೆ ತೆಗೆದುಕೊಳ್ಳಬಹುದು.